ಸಹಿಯ ಬೆಲೆ

ಯುದ್ಧದಲ್ಲಿ ಮಡಿದವರೆಂದೊಡನೆ ನಮ್ಮ ಮನಸ್ಸಿಗೆ ಮೊದಲು ಹೊಳೆಯುವುದು ರಣರಂಗದ ಚಿತ್ರ. ಮೈಮೇಲೆ ಸಮವಸ್ತ್ರ, ಕೈಯಲ್ಲಿ ಆಯುಧ, ಎದುರಿಗೆ ಶತ್ರುಸೇನೆ. ವೀರಗಲ್ಲುಗಳ ನಾಡಿನಲ್ಲಿ ಹುಟ್ಟಿ ಬೆಳೆದ ನಮಗೆ ಈ ಚಿತ್ರ ಸಹಜವೇ ಸರಿ. ಆದರೆ ನಮ್ಮ ವೀರಗಲ್ಲುಗಳನ್ನೇ ಕೊಂಚ ಗಮನವಿಟ್ಟು ನೋಡಿದರೆ, ಅವುಗಳಲ್ಲಿ ಎಷ್ಟೋ ಕಲ್ಲುಗಳು ರಾಜ್ಯ ಗೆದ್ದವರ ನೆನಪಿಗೆ ನಿಂತವಲ್ಲವೆಂದು ತಿಳಿಯುತ್ತದೆ. ಊರವರ ತುರುಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನಿಗೂ ಊರು ಕಲ್ಲು ನಿಲ್ಲಿಸಿತು. ತನ್ನ ಕಾವಲಿಗೆ ಒಪ್ಪಿಸಿದ ಪರರ ಸೊತ್ತಿಗಾಗಿ ಪ್ರಾಣ ಕೊಟ್ಟವನು ಅವನು. ಈ ಲೇಖನದಲ್ಲಿ ನಾನು ಹೇಳಹೊರಟಿರುವುದು ಅಂಥದೇ ಒಂದು ಕಾವಲಿನ ಕಥೆ. ನಡೆದದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಚೀನಾದ ತೀರದಲ್ಲಿರುವ ಹಾಂಗ್‌ಕಾಂಗ್ ನಗರದಲ್ಲಿ. ಕಾವಲುಗಾರರು ಬ್ಯಾಂಕಿನ ನೌಕರರು. ಅವರ ಕೈಯಲ್ಲಿದ್ದದ್ದು ಲೇಖನಿ.

ಕಥೆಗೆ ಮುಂಚೆ, ಬ್ಯಾಂಕೆಂದರೇನು ಎಂಬುದನ್ನು ಒಂದೆರಡು ಮಾತಿನಲ್ಲಿ ನೆನೆಯುವುದು ಒಳ್ಳೆಯದು. ಕಬ್ಬಿಣದ ಪೆಟ್ಟಿಗೆ, ಕಲ್ಲಿನ ಕಟ್ಟಡ, ದಪ್ಪ ದಪ್ಪ ಲೆಕ್ಕದ ಪುಸ್ತಕಗಳು ಇವೆಲ್ಲ ಬ್ಯಾಂಕಿನ ಹೊರ ಉಡುಪು. ಒಳಗಿನ ಜೀವ ಒಂದೇ ಒಂದು: ನಂಬಿಕೆ. ನಮ್ಮ ನೂರು ರೂಪಾಯಿಯ ನೋಟನ್ನೇ ತೆಗೆದುಕೊಳ್ಳಿ. ಕಾಗದವಾಗಿ ಅದಕ್ಕೆ ನಾಲ್ಕು ಕಾಸಿನ ಬೆಲೆಯೂ ಇಲ್ಲ. ಆದರೆ ಅದನ್ನು ಹಿಡಿದು ತಂದವರಿಗೆ ಅಷ್ಟು ಹಣವನ್ನು ಕೊಡುವುದಾಗಿ ರಿಸರ್ವ್ ಬ್ಯಾಂಕಿನ ಗವರ್ನರರು ಅದರ ಮೇಲೆ ಮಾತು ಕೊಟ್ಟು ಸಹಿ ಹಾಕಿದ್ದಾರೆ. ಆ ಸಹಿಯನ್ನು ನಂಬಿ ತರಕಾರಿಯವಳು ತರಕಾರಿ ಕೊಡುತ್ತಾಳೆ, ಬಸ್ಸಿನ ಕಂಡಕ್ಟರು ಟಿಕೇಟು ಹರಿಯುತ್ತಾನೆ. ಸಹಿಯ ಹಿಂದಿನ ನಂಬಿಕೆ ಅಳಿದ ದಿನ ನೋಟು ಬರಿಯ ಕಾಗದವಾಗುತ್ತದೆ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದಿನ ಸಂಗತಿಗಳ ಅರ್ಥ ತಾನಾಗಿ ತಿಳಿಯುತ್ತದೆ.

ಹಾಂಗ್‌ಕಾಂಗ್ ದ್ವೀಪವು 1841ರಲ್ಲಿ ಬ್ರಿಟಿಷರ ಕೈಸೇರಿತು. 1997ರಲ್ಲಿ ಆ ಪ್ರದೇಶ ಮತ್ತೆ ಚೀನಾಕ್ಕೆ ಸೇರಿತು. ಅಲ್ಲಿಯ ಬಂದರಿನ ವ್ಯಾಪಾರಕ್ಕೆ ಹಣ ಒದಗಿಸಲೆಂದು 1865ರಲ್ಲಿ ಹುಟ್ಟಿದ್ದು ಹಾಂಗ್‌ಕಾಂಗ್ ಅಂಡ್ ಶಾಂಘಾಯ್ ಬ್ಯಾಂಕು. ಹಾಂಗ್‌ಕಾಂಗಿನಲ್ಲಿ ಒಂದು ವಿಶೇಷವುಂಟು. ನಮ್ಮಲ್ಲಿಯಂತೆ ಅಲ್ಲಿ ಎಲ್ಲ ನೋಟುಗಳನ್ನೂ ಕೇಂದ್ರ ಬ್ಯಾಂಕು ಹೊರಡಿಸುವುದಿಲ್ಲ. ವ್ಯಾಪಾರಿ ಬ್ಯಾಂಕುಗಳೇ ನೋಟು ಹೊರಡಿಸುವ ಪದ್ಧತಿ ಅಲ್ಲಿ ಇಂದಿಗೂ ಇದೆ. 1935ರ ಕೊನೆಯಲ್ಲಿ ಹಾಂಗ್‌ಕಾಂಗ್ ಬೆಳ್ಳಿಯ ಆಧಾರವನ್ನು ಬಿಟ್ಟಮೇಲೆ, ಬ್ಯಾಂಕು ನೋಟು ಹೊರಡಿಸಬೇಕಾದರೆ ಅದಕ್ಕೆ ತಕ್ಕ ಆಸ್ತಿಯನ್ನು ಸರ್ಕಾರದ ವಿನಿಮಯ ನಿಧಿಗೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ಬಂದಿತು. ಅಂದರೆ ಪ್ರತಿಯೊಂದು ನೋಟಿನ ಹಿಂದೆಯೂ ಒಂದು ಆಸ್ತಿಯ ಬಲವಿರಬೇಕು. ಆಸ್ತಿಯ ಬಲವಿಲ್ಲದೆ ಹೊರಬಿದ್ದ ನೋಟು, ಕೊಟ್ಟ ಮಾತಿನ ಹಿಂದೆ ಕೊಡುವ ಶಕ್ತಿಯಿಲ್ಲದಂತೆ.

ಈ ಬ್ಯಾಂಕಿನ ಮುಖ್ಯ ಮ್ಯಾನೇಜರರಾಗಿ 1930ರಿಂದ ಇದ್ದವರು ವ್ಯಾಂಡೆಲೂರ್ ಗ್ರೇಬರ್ನ್. ಹುಟ್ಟಿದ್ದು 1881ರಲ್ಲಿ. ಎಳೆಯ ವಯಸ್ಸಿನಲ್ಲಿಯೇ ಬ್ಯಾಂಕಿಗೆ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಮೇಲೇರಿ ಆ ಪದವಿಗೆ ಬಂದವರು. 1937ರಲ್ಲಿ ಅವರಿಗೆ 'ಸರ್' ಪದವಿ ದೊರೆಯಿತು. ಬಂದರಿಗೆ ಅಭಿಮುಖವಾಗಿ 1935ರಲ್ಲಿ ತಲೆಯೆತ್ತಿದ ಬ್ಯಾಂಕಿನ ಎತ್ತರದ ಕಟ್ಟಡವೂ, ಅದರ ಬಾಗಿಲಲ್ಲಿ ಕುಳಿತ ಎರಡು ಕಂಚಿನ ಸಿಂಹಗಳೂ ಅವರ ಕಾಲದವೇ. ಗ್ರೇಬರ್ನರನ್ನು ಪುಣ್ಯಪುರುಷರೆಂದು ಚಿತ್ರಿಸುವುದು ಸತ್ಯಕ್ಕೆ ದೂರವಾದೀತು. ಅವರು ವಸಾಹತಿನ ಕಾಲದ ದೊರೆ. ಆ ಕಾಲದ ಪೂರ್ವಾಗ್ರಹಗಳೆಲ್ಲ ಅವರಲ್ಲಿಯೂ ಇದ್ದವು. ಬ್ಯಾಂಕಿನ ಮೇಲಿನ ಹುದ್ದೆಗಳೆಲ್ಲ ಬ್ರಿಟಿಷರಿಗೇ ಮೀಸಲು. ಗುಮಾಸ್ತೆಯ ಕೆಲಸ ಪೋರ್ಚುಗೀಸ್ ಮನೆತನದವರಿಗೆ, ಚೀನೀಯರೊಡನೆ ನಡೆಯುವ ವ್ಯವಹಾರ ಕಾಂಪ್ರಡೋರ್ ಎಂಬ ಚೀನೀ ಮಧ್ಯವರ್ತಿಗೆ. ಬ್ರಿಟಿಷ್ ಅಧಿಕಾರಿಗಳು ಬೇರೆ ಜನಾಂಗದ ಹೆಣ್ಣನ್ನು ಮದುವೆಯಾಗುವುದನ್ನು ಗ್ರೇಬರ್ನರು ಒಪ್ಪುತ್ತಿರಲಿಲ್ಲ. ಇವೆಲ್ಲವೂ ನಿಜ. ಇವನ್ನು ಮುಚ್ಚಿಡದೆ ಹೇಳಿದಾಗಲೇ ಅವರ ಕೊನೆಯ ಎರಡು ವರ್ಷಗಳ ನಡತೆ ನಮ್ಮ ಗಮನಕ್ಕೆ ಹೆಚ್ಚು ಅರ್ಹವಾಗುತ್ತದೆ.

1941ರ ಡಿಸೆಂಬರ್ 8ರಂದು ಜಪಾನೀ ಸೇನೆ ಹಾಂಗ್‌ಕಾಂಗಿನ ಮೇಲೆ ಬಿದ್ದಿತು. ನಗರವನ್ನು ಕಾಯುತ್ತಿದ್ದವರಲ್ಲಿ ಬ್ರಿಟಿಷ್ ಮತ್ತು ಕೆನಡಾ ದೇಶದ ಪಡೆಗಳೊಡನೆ ನಮ್ಮ ರಜಪೂತ್ ಮತ್ತು ಪಂಜಾಬ್ ರೆಜಿಮೆಂಟುಗಳ ಪಡೆಗಳೂ ಇದ್ದವು. ಊರಿನ ಗುಮಾಸ್ತೆಗಳೂ ವ್ಯಾಪಾರಿಗಳೂ ಸೇರಿದ ಸ್ವಯಂಸೇವಕರ ದಳವೂ ಇತ್ತು. ಹದಿನೆಂಟು ದಿನದ ಕಾಳಗದ ತರುವಾಯ, ಡಿಸೆಂಬರ್ 25ರಂದು, ಗವರ್ನರರು ಶರಣಾಗತರಾದರು. 1942ರ ಜನವರಿಯಲ್ಲಿ ಬ್ರಿಟಿಷರೇ ಮೊದಲಾದ ಶತ್ರುದೇಶದ ನಾಗರಿಕರನ್ನೆಲ್ಲ, ಹೆಂಗಸರು ಮಕ್ಕಳೆನ್ನದೆ, ದ್ವೀಪದ ದಕ್ಷಿಣ ತುದಿಯ ಸ್ಟ್ಯಾನ್ಲಿ ಎಂಬಲ್ಲಿನ ಬಂಧನ ಶಿಬಿರಕ್ಕೆ ಸಾಗಿಸಿದರು. ಅಲ್ಲಿ ಕೂಡಿಹಾಕಿದವರ ಸಂಖ್ಯೆ ಸುಮಾರು 2,800.

ಬ್ಯಾಂಕಿನವರನ್ನು ಮಾತ್ರ ಶಿಬಿರಕ್ಕೆ ಕಳಿಸಲಿಲ್ಲ. ಇದು ಔದಾರ್ಯದಿಂದ ಮಾಡಿದ್ದಲ್ಲ. ಶತ್ರುಗಳ ಬ್ಯಾಂಕುಗಳನ್ನು ಮುಚ್ಚಿ, ಬರಬೇಕಾದ ಸಾಲವನ್ನು ವಸೂಲು ಮಾಡಿ, ಉಳಿದ ಆಸ್ತಿಯನ್ನು ತಮ್ಮ ವಶಕ್ಕೆ ತೆಗೆದುಕೊಳ್ಳುವುದು ಜಪಾನೀಯರ ಉದ್ದೇಶವಾಗಿತ್ತು. ಬ್ಯಾಂಕನ್ನು ಕಟ್ಟಿದಂತೆ ಅದನ್ನು ಬಿಚ್ಚುವುದಕ್ಕೂ ಲೆಕ್ಕ ಬಲ್ಲವರು ಬೇಕು. ಆದ್ದರಿಂದ ಬ್ರಿಟಿಷ್, ಅಮೆರಿಕನ್, ಡಚ್ ಮೊದಲಾದ ಬ್ಯಾಂಕುಗಳ ಅಧಿಕಾರಿಗಳನ್ನು ಕುಟುಂಬ ಸಮೇತ ಬಂದರಿನ ದಂಡೆಯ ಸುನ್ ವಾ ಎಂಬ ಕೀಳು ದರ್ಜೆಯ ವಸತಿಗೃಹದಲ್ಲಿ ತುಂಬಿದರು. ದಿನವೂ ಬೆಳಗ್ಗೆ ಅವರು ಅಲ್ಲಿಂದ ಸಾಲಾಗಿ ಬೀದಿಯಲ್ಲಿ ನಡೆದು ತಂತಮ್ಮ ಬ್ಯಾಂಕಿಗೆ ಹೋಗಬೇಕು. ನಿನ್ನೆಯವರೆಗೆ ನಗರದ ಧನಶಕ್ತಿಯ ಒಡೆಯರಾಗಿದ್ದವರು ಇಂದು ತಮ್ಮ ಬ್ಯಾಂಕಿನ ಶ್ರಾದ್ಧವನ್ನು ತಾವೇ ಮಾಡುವ ಕೆಲಸಕ್ಕೆ ನಿಂತರು. ಹಾಂಗ್‌ಕಾಂಗ್ ಬ್ಯಾಂಕಿನ ಕಟ್ಟಡವೇ ಜಪಾನೀ ಆಡಳಿತದ ಕೇಂದ್ರ ಕಚೇರಿಯಾಯಿತು.

ಖಜಾನೆಯಲ್ಲಿ ಜಪಾನೀಯರಿಗೆ ಇನ್ನೊಂದು ವಸ್ತು ಸಿಕ್ಕಿತು. ಅಚ್ಚಾಗಿದ್ದು ಇನ್ನೂ ಚಲಾವಣೆಗೆ ಬರದಿದ್ದ ನೋಟುಗಳ ರಾಶಿ. ಅವಕ್ಕೆ ವಿನಿಮಯ ನಿಧಿಯ ಪ್ರಮಾಣಪತ್ರದ ಬಲವಿರಲಿಲ್ಲ, ಅಧಿಕಾರಿಗಳ ಸಹಿಯಾಗಬೇಕಾಗಿತ್ತು. ಜಪಾನೀಯರು ಬ್ಯಾಂಕಿನ ಅಧಿಕಾರಿಗಳಿಂದ ಬಲಾತ್ಕಾರವಾಗಿ ಸಹಿ ಹಾಕಿಸಿದರು. ಚರಿತ್ರೆಯಲ್ಲಿ ಇವಕ್ಕೆ 'ಬಲವಂತದ ನೋಟುಗಳು' ಎಂದೇ ಹೆಸರು. ಮೊತ್ತ ಸುಮಾರು 12 ಕೋಟಿ ಹಾಂಗ್‌ಕಾಂಗ್ ಡಾಲರು. ಹಾಂಗ್‌ಕಾಂಗಿನ ಡಾಲರಿಗೆ ಪಕ್ಕದ ಮಕಾವ್‌ನಲ್ಲಿಯೂ ಚೀನಾದ ಊರುಗಳಲ್ಲಿಯೂ ಆಗಲೂ ಬೆಲೆಯಿದ್ದುದರಿಂದ ಜಪಾನೀಯರು ಈ ನೋಟುಗಳನ್ನು ಕೊಟ್ಟು ತಮಗೆ ಬೇಕಾದ ಸರಕನ್ನು ಕೊಳ್ಳಬಹುದಾಗಿತ್ತು. ಹಾಂಗ್‌ಕಾಂಗಿನೊಳಗೆ ಮಾತ್ರ ಅವರು ತಮ್ಮದೇ ಆದ ಮಿಲಿಟರಿ ಯೆನ್ ಎಂಬ ನೋಟನ್ನು ತಂದರು. ಮೊದಲು ಎರಡು ಡಾಲರಿಗೆ ಒಂದು ಯೆನ್, 1942ರ ಜುಲೈಯಿಂದ ನಾಲ್ಕು ಡಾಲರಿಗೆ ಒಂದು ಯೆನ್. 1943ರ ಜೂನ್‌ನಿಂದ ಡಾಲರು ಇಟ್ಟುಕೊಳ್ಳುವುದೇ ಅಪರಾಧವಾಯಿತು. ಹೀಗೆ ಜನರ ಕೈಯಲ್ಲಿದ್ದ ಉಳಿತಾಯ ಕಣ್ಣೆದುರಿನಲ್ಲಿಯೇ ಕರಗಿತು.

ಇತ್ತ ಸ್ಟ್ಯಾನ್ಲಿ ಶಿಬಿರದಲ್ಲಿ ಹಸಿವು. ಕೊಡುತ್ತಿದ್ದ ಅನ್ನ ಜೀವ ಹಿಡಿಯುವುದಕ್ಕೂ ಸಾಲದು. ಪೌಷ್ಟಿಕ ಆಹಾರವಿಲ್ಲದೆ ಬೆರಿಬೆರಿಯಂಥ ರೋಗಗಳು ತಲೆದೋರಿದವು. ಹಣವಿದ್ದರೆ ಮೊಟ್ಟೆಯನ್ನೋ ಔಷಧಿಯನ್ನೋ ಹೇಗಾದರೂ ಕೊಳ್ಳಬಹುದಾಗಿತ್ತು. ಹಣವೇ ಇರಲಿಲ್ಲ. ಬ್ಯಾಂಕಿನವರು ನಗರದಲ್ಲಿದ್ದುದರಿಂದ ಅವರಿಗೆ ಮಾತ್ರ ಒಂದು ದಾರಿಯಿತ್ತು. ಗ್ರೇಬರ್ನರೂ ಅವರ ಸಂಗಡಿಗರೂ ತಮ್ಮನ್ನು ನಂಬಿದ ಸಿರಿವಂತರಿಂದ ಗುಟ್ಟಾಗಿ ಸಾಲವೆತ್ತಿದರು. ಒತ್ತೆಯಿಡಲು ಏನೂ ಇಲ್ಲ. ಬ್ಯಾಂಕು ಶತ್ರುವಿನ ವಶದಲ್ಲಿದೆ. ಸಾಲ ಕೇಳುವವರು ಸೆರೆಯಾಳುಗಳಿಗಿಂತ ಮೇಲಲ್ಲ. ಯುದ್ಧ ಮುಗಿದಮೇಲೆ ತೀರಿಸುತ್ತೇವೆಂಬ ಮಾತೊಂದೇ ಭದ್ರತೆ. ಆ ಮಾತನ್ನು ನಂಬಿ ಹಣ ಕೊಟ್ಟವರಿದ್ದರು. ಸಿಕ್ಕಿಬಿದ್ದಿದ್ದರೆ ಕೊಟ್ಟವರ ತಲೆಯೂ ಉಳಿಯುತ್ತಿರಲಿಲ್ಲ. ಈ ಹಣ ಕೈಯಿಂದ ಕೈಗೆ ದಾಟಿ ಶಿಬಿರವನ್ನು ಸೇರುತ್ತಿತ್ತು. ಕಟ್ಟಡ, ಖಜಾನೆ, ಪುಸ್ತಕ ಎಲ್ಲವೂ ಹೋದಮೇಲೂ ಬ್ಯಾಂಕು ಬದುಕಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

1943ರ ಆರಂಭದಲ್ಲಿ ಈ ಕೆಲಸ ಬಯಲಾಯಿತು. ಶಿಬಿರದಿಂದ ನಗರದ ಆಸ್ಪತ್ರೆಗೆ ಬಂದಿದ್ದ ಡಾಕ್ಟರ್ ಟಾಲ್ಬಟ್ ಎಂಬವರು ಹಿಂದಿರುಗುವಾಗ ಅವರ ಬಳಿ ಬಚ್ಚಿಟ್ಟಿದ್ದ ಹಣ ಸಿಕ್ಕಿತು. ಕೊಟ್ಟವರು ಯಾರೆಂದು ಅವರು ಬಾಯಿ ಬಿಡಲಿಲ್ಲ. ಗ್ರೇಬರ್ನರು ಸುಮ್ಮನಿದ್ದಿದ್ದರೆ ಶಿಕ್ಷೆ ವೈದ್ಯರೊಬ್ಬರಿಗೇ ಆಗುತ್ತಿತ್ತೇನೋ. ಅವರು ಸುಮ್ಮನಿರಲಿಲ್ಲ. ಸಹೋದ್ಯೋಗಿ ಸ್ಟ್ರೀಟ್‌ಫೀಲ್ಡ್ ಅವರೊಡನೆ ಜಪಾನೀ ಅಧಿಕಾರಿಗಳ ಬಳಿಗೆ ತಾವಾಗಿಯೇ ಹೋಗಿ, ಆ ಹಣ ಕೊಟ್ಟವರು ನಾವು ಎಂದು ತಿಳಿಸಿದರು. ಕೆಲವು ವಾರ ಏನೂ ಆಗಲಿಲ್ಲ. ಮಾರ್ಚ್ ತಿಂಗಳಲ್ಲಿ ಕೆಂಪೆಯ್‌ತಾಯ್ ಎಂಬ ಜಪಾನೀ ಸೇನಾ ಪೊಲೀಸರು ಬಂದು ಇಬ್ಬರನ್ನೂ ಹಿಡಿದುಕೊಂಡು ಹೋದರು. ವಿಚಾರಣೆಯಾಗಿ ದೊರೆತದ್ದು ಕೆಲವೇ ತಿಂಗಳ ಸಜೆ. ಆದರೆ ಸ್ಟ್ಯಾನ್ಲಿಯ ಸೆರೆಮನೆಯ ಆಹಾರದಲ್ಲಿ ಕೆಲವು ತಿಂಗಳೆಂದರೆ ಅರುವತ್ತು ದಾಟಿದವರಿಗೆ ಅಲ್ಪಾವಧಿಯಲ್ಲ. 1943ರ ಆಗಸ್ಟ್ 21ರಂದು, ಅರೆಹೊಟ್ಟೆಯಿಂದಲೂ ಚಿಕಿತ್ಸೆಯಿಲ್ಲದ ರೋಗದಿಂದಲೂ ಗ್ರೇಬರ್ನರು ಸೆರೆಯಲ್ಲಿಯೇ ತೀರಿಕೊಂಡರು. ಸ್ಟ್ರೀಟ್‌ಫೀಲ್ಡ್ ಬದುಕುಳಿದರು.

ಗ್ರೇಬರ್ನರದು ಒಂಟಿ ಕಥೆಯಲ್ಲ. ಅದೇ ಬ್ಯಾಂಕಿನ ಚಾರ್ಲ್ಸ್ ಹೈಡ್ ಎಂಬ ಅಧಿಕಾರಿ ಇನ್ನೂ ಅಪಾಯದ ಕೆಲಸಕ್ಕೆ ಕೈಹಾಕಿದ್ದರು. ಹಾಂಗ್‌ಕಾಂಗ್ ವಿಶ್ವವಿದ್ಯಾನಿಲಯದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಲಿಂಡ್ಸೆ ರೈಡ್ ಎಂಬ ಆಸ್ಟ್ರೇಲಿಯಾದವರು 1942ರ ಜನವರಿಯಲ್ಲಿ ಯುದ್ಧಕೈದಿಗಳ ಶಿಬಿರದಿಂದ ತಪ್ಪಿಸಿಕೊಂಡು ಚೀನಾದ ಒಳನಾಡನ್ನು ಸೇರಿ, ಬ್ರಿಟಿಷ್ ಆರ್ಮಿ ಏಡ್ ಗ್ರೂಪ್ ಎಂಬ ಗುಪ್ತ ಸಂಸ್ಥೆಯನ್ನು ಕಟ್ಟಿದ್ದರು. ಆ ಸಂಸ್ಥೆಗೂ ನಗರದೊಳಗಿನ ಸೆರೆಯಾಳುಗಳಿಗೂ ನಡುವೆ ಸಂದೇಶ ಸಾಗಿಸುವ ಕೊಂಡಿಗಳಲ್ಲಿ ಹೈಡ್ ಒಬ್ಬರು. 1943ರಲ್ಲಿ ಈ ಜಾಲ ಜಪಾನೀಯರ ಕೈಗೆ ಸಿಕ್ಕಿತು. ಆ ವರ್ಷದ ಅಕ್ಟೋಬರ್ 29ರಂದು ಸ್ಟ್ಯಾನ್ಲಿಯ ಕಡಲ ತೀರದಲ್ಲಿ ಮೂವತ್ತಕ್ಕೂ ಹೆಚ್ಚು ಮಂದಿಗೆ ಮರಣದಂಡನೆಯಾಯಿತು. ಹೈಡ್ ಅವರಲ್ಲೊಬ್ಬರು. ಅದೇ ದಿನ ಪ್ರಾಣ ಕೊಟ್ಟ ಇನ್ನೊಬ್ಬರು ರಜಪೂತ್ ರೆಜಿಮೆಂಟಿನ ಭಾರತೀಯ ಅಧಿಕಾರಿ ಕ್ಯಾಪ್ಟನ್ ಮತೀನ್ ಅನ್ಸಾರಿ. ಬ್ರಿಟಿಷರ ಪಕ್ಷ ಬಿಡೆಂದು ಎಷ್ಟು ಹಿಂಸಿಸಿದರೂ ಬಗ್ಗದ ಅವರಿಗೆ ಮರಣಾನಂತರ ಜಾರ್ಜ್ ಕ್ರಾಸ್ ಪದಕ ಸಂದಿತು. ಬ್ಯಾಂಕಿನ ಗುಮಾಸ್ತಿಕೆಯಿಂದ ಬಂದವರೂ ಸೇನೆಯಿಂದ ಬಂದವರೂ ಅಂದು ಒಂದೇ ಮರಳಿನ ಮೇಲೆ ನಿಂತರು. ಹೈಡ್ ಅವರ ಪತ್ನಿ ಮರುವರ್ಷ ಶಿಬಿರದಲ್ಲಿಯೇ ರೋಗದಿಂದ ತೀರಿಕೊಂಡರು. ತಬ್ಬಲಿಯಾದ ಅವರ ಪುಟ್ಟ ಮಗನನ್ನು ಮಡಿಲಿಗೆ ತೆಗೆದುಕೊಂಡವರು ಗ್ರೇಬರ್ನರ ಪತ್ನಿ ಲೇಡಿ ಮೇರಿ ಗ್ರೇಬರ್ನ್. ಗ್ರೇಬರ್ನರ ನಂತರದ ಸ್ಥಾನದಲ್ಲಿದ್ದ ಎಡ್ಮಂಡ್‌ಸ್ಟನ್ ಎಂಬವರೂ 1944ರ ಆಗಸ್ಟಿನಲ್ಲಿ ಸೆರೆಮನೆಯಲ್ಲಿಯೇ ಸತ್ತರು.

ಇವರು ಸಮವಸ್ತ್ರ ತೊಟ್ಟವರಲ್ಲ. ಗ್ರೇಬರ್ನರಂತೂ ಯಾರ ಆಜ್ಞೆಗೂ ಒಳಪಟ್ಟು ಈ ಕೆಲಸ ಮಾಡಿದವರಲ್ಲ. ಹಾಗಾದರೆ ಇದನ್ನು ಯುದ್ಧಸೇವೆಯೆನ್ನಬಹುದೆ ಎಂದು ಯಾರಾದರೂ ಕೇಳಬಹುದು. ನನ್ನ ಉತ್ತರ ಇಷ್ಟೆ. ಸೈನಿಕನ ಧರ್ಮ ತನ್ನ ಠಾಣೆಯನ್ನು ಬಿಡದಿರುವುದು. ಬ್ಯಾಂಕಿನವನ ಠಾಣೆ ಯಾವುದು? ಆಪತ್ತಿನಲ್ಲಿರುವವನಿಗೆ ಹಣ ತಲುಪಿಸುವುದು, ಪಡೆದ ಸಾಲವನ್ನು ನೆನಪಿಡುವುದು, ಕೊಟ್ಟ ಮಾತಿಗೆ ತಾನು ಹೊಣೆಯೆಂದು ಮುಂದೆ ಬರುವುದು. ಗ್ರೇಬರ್ನರು ಜಪಾನೀ ಕಚೇರಿಗೆ ನಡೆದುಹೋಗಿ 'ಕೊಟ್ಟವರು ನಾವು' ಎಂದದ್ದು ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ತಮ್ಮ ಸಹಿಯನ್ನು ತಮ್ಮದೆಂದು ಒಪ್ಪಿಕೊಂಡದ್ದು.

ಇನ್ನು ಯುದ್ಧಾನಂತರದ ಸಂಗತಿ. 1945ರ ಆಗಸ್ಟಿನಲ್ಲಿ ಜಪಾನು ಸೋತಿತು. ತಿಂಗಳ ಕೊನೆಗೆ ಬ್ರಿಟಿಷ್ ನೌಕಾಪಡೆ ಹಾಂಗ್‌ಕಾಂಗನ್ನು ತಲುಪಿತು. ಆಗ ಜನರ ಕೈಯಲ್ಲಿ ಎರಡು ಬಗೆಯ ಕಾಗದಗಳಿದ್ದವು. ಒಂದು ಮಿಲಿಟರಿ ಯೆನ್. ಅದನ್ನು ಹೊರಡಿಸಿದ ಸರ್ಕಾರ ಬಿದ್ದುಹೋಗಿ ಅದು ರದ್ದಿಯಾಯಿತು. ತಮ್ಮ ಡಾಲರನ್ನು ಬಲವಂತದಿಂದ ಯೆನ್ನಿಗೆ ಬದಲಿಸಿಕೊಂಡಿದ್ದ ಸಂಸಾರಗಳು ಪೆಟ್ಟಿಗೆಯ ತುಂಬ ಕಾಗದವಿಟ್ಟುಕೊಂಡು ಬಡವಾದವು. ಅಂಥವರಲ್ಲಿ ಕೆಲವರು 1993ರಲ್ಲಿ ಜಪಾನಿನ ನ್ಯಾಯಾಲಯದಲ್ಲಿ ದಾವೆ ಹೂಡಿದರು. 1999ರಲ್ಲಿ ಟೋಕಿಯೋದ ಜಿಲ್ಲಾ ನ್ಯಾಯಾಲಯ ಅದನ್ನು ವಜಾ ಮಾಡಿತು.

ಇನ್ನೊಂದು, ಬಲವಂತದ ನೋಟುಗಳು. ಇವನ್ನು ಏನು ಮಾಡಬೇಕು? ಬೆದರಿಕೆಯಿಂದ ಪಡೆದ ಸಹಿಗೆ ಬೆಲೆಯಿಲ್ಲವೆಂದು ಬ್ಯಾಂಕು ವಾದಿಸಬಹುದಾಗಿತ್ತು. ವಾದ ಸರಿಯಾಗಿಯೂ ಇತ್ತು. ಮೊದಮೊದಲು ಅವನ್ನು ಸ್ವೀಕರಿಸಲಿಲ್ಲ. ಪೇಟೆಯಲ್ಲಿ ಅವು ಮುಖಬೆಲೆಗಿಂತ ಕಡಮೆಗೆ ಕೈಬದಲಾಗುತ್ತಿದ್ದವು. ಆದರೆ ಸಾಮಾನ್ಯ ಜನಕ್ಕೆ ಒಳ್ಳೆಯ ನೋಟು ಯಾವುದು, ಬಲವಂತದ ನೋಟು ಯಾವುದೆಂದು ತಿಳಿಯುವುದೆಂತು? ಎರಡರ ಮೇಲೂ ಅದೇ ಬ್ಯಾಂಕಿನ ಹೆಸರು. ಒಂದನ್ನು ಅಲ್ಲಗಳೆದರೆ ಎಲ್ಲದರ ಮೇಲೂ ಸಂಶಯ. 1946ರ ಏಪ್ರಿಲಿನಲ್ಲಿ ಸರ್ಕಾರದೊಡನೆ ಒಪ್ಪಂದ ಮಾಡಿಕೊಂಡು, ಬಲವಂತದ ನೋಟುಗಳಿಗೂ ಪೂರ್ಣ ಬೆಲೆ ಕೊಡುವುದಾಗಿ ಬ್ಯಾಂಕು ಸಾರಿತು. ಯುದ್ಧಕಾಲದಲ್ಲಿ ಲಂಡನ್ನಿನಿಂದ ಬ್ಯಾಂಕನ್ನು ನಡೆಸಿದ ಆರ್ಥರ್ ಮೋರ್ಸ್ ಆಗ ಅದರ ಮುಖ್ಯಸ್ಥರು.

ಈ ನಿರ್ಧಾರ ಬರಿಯ ಧರ್ಮಬುದ್ಧಿಯದೆಂದು ಹೇಳಲಾಗದು. ನಾಣ್ಯದಲ್ಲಿ ಜನರ ನಂಬಿಕೆ ಮರಳದೆ ಬಂದರಿನ ವ್ಯಾಪಾರ ಮರಳುವಂತಿರಲಿಲ್ಲ. ಕಡಮೆ ಬೆಲೆಗೆ ನೋಟು ಕೊಂಡಿಟ್ಟಿದ್ದ ಸಟ್ಟಾ ವ್ಯಾಪಾರಿಗಳು ಈ ಸಾರಿಕೆಯಿಂದ ಲಾಭ ಹೊಡೆದದ್ದೂ ಉಂಟು. ಆದರೂ ಫಲವನ್ನು ನೋಡಿ. ಯುದ್ಧದಿಂದ ಹಾಳಾದ ನಗರದಲ್ಲಿ ಬ್ಯಾಂಕಿನ ಮಾತು ಉಳಿಯಿತು; ಮುಂದಿನ ವರ್ಷಗಳಲ್ಲಿ ಆ ನಗರ ಏಷ್ಯದ ದೊಡ್ಡ ವ್ಯಾಪಾರ ಕೇಂದ್ರವಾಗಿ ಬೆಳೆಯಲು ಈ ನಂಬಿಕೆ ಒಂದು ತಳಪಾಯವಾಯಿತು.

ಸತ್ತವರ ಸ್ಮರಣೆಯ ವಿಚಾರಕ್ಕೆ ಬಂದರೆ, ಹಾಂಗ್‌ಕಾಂಗಿನಲ್ಲಿ ಅದಕ್ಕೆ ಹಲವು ಗುರುತುಗಳಿವೆ. ಗ್ರೇಬರ್ನರ ಸಮಾಧಿ ಸ್ಟ್ಯಾನ್ಲಿಯ ಸೈನಿಕ ಶ್ಮಶಾನದಲ್ಲಿದೆ. ಸೈನಿಕನಲ್ಲದ ಲೆಕ್ಕಿಗನಿಗೆ ಸೈನಿಕರ ನಡುವೆ ಜಾಗ ದೊರೆತದ್ದು ತಕ್ಕುದಾಗಿಯೇ ಇದೆ. ಕರಗಿಸಲೆಂದು ಜಪಾನಿಗೆ ಒಯ್ದಿದ್ದ ಕಂಚಿನ ಸಿಂಹಗಳು ಯುದ್ಧದ ತರುವಾಯ ಅಲ್ಲಿ ಪತ್ತೆಯಾಗಿ 1946ರಲ್ಲಿ ಮರಳಿದವು. ಹಳೆಯ ಕಟ್ಟಡ ಹೋಗಿ 1985ರಲ್ಲಿ ಹೊಸದು ಬಂದರೂ ಸಿಂಹಗಳು ಬಾಗಿಲಲ್ಲಿಯೇ ಇವೆ. 1941ರ ಕಾಳಗದಲ್ಲಿ ತಗುಲಿದ ಗುಂಡಿನ ಚೂರುಗಳ ಗಾಯ ಅವುಗಳ ಮೈಮೇಲೆ ಇಂದಿಗೂ ಕಾಣುತ್ತದೆ. ಅದನ್ನು ಮುಚ್ಚದೆ ಹಾಗೆಯೇ ಉಳಿಸಿದ್ದಾರೆ. ಆದರೆ ಗುಟ್ಟಾಗಿ ಸಾಲ ಕೊಟ್ಟವರು, ಹಣವನ್ನು ಕೈಯಿಂದ ಕೈಗೆ ದಾಟಿಸಿದವರು, ಬ್ಯಾಂಕಿನ ಕೆಳಗಿನ ದರ್ಜೆಯ ಚೀನೀ ಮತ್ತು ಪೋರ್ಚುಗೀಸ್ ನೌಕರರು ಇವರಿಗೆಲ್ಲ ಮುಖ್ಯ ಮ್ಯಾನೇಜರರಿಗೆ ದೊರೆತಷ್ಟು ಸ್ಮರಣೆ ದೊರೆಯಲಿಲ್ಲ. ಗ್ರೇಬರ್ನರ ಹೆಸರನ್ನು ನೆನೆಯುವಾಗ ಇವರನ್ನೂ ಸೇರಿಸಿ ನೆನೆಯುವುದು ನ್ಯಾಯ.

ನಮ್ಮ ಕಾಲೇಜಿನಿಂದ ಹೊರಬಿದ್ದವರಲ್ಲಿ ಅನೇಕರು ಬ್ಯಾಂಕಿನ ಪರೀಕ್ಷೆಗೆ ಕೂಡುತ್ತಾರೆ. ಕೆಲವರು ನೌಕರಿಯನ್ನೂ ಪಡೆಯುತ್ತಾರೆ. ಸಂಬಳ, ರಜೆ, ವರ್ಗಾವಣೆ ಇವನ್ನು ಕುರಿತು ನಾವು ಬೇಕಾದಷ್ಟು ವಿಚಾರಿಸುತ್ತೇವೆ. ಆ ಕೆಲಸದಲ್ಲಿ ದಿನಕ್ಕೆ ನೂರು ಸಲ ಹಾಕಬೇಕಾದ ಸಹಿಯನ್ನು ಕುರಿತು ವಿಚಾರಿಸುವವರು ಕಡಮೆ. ನಮಗೆ ಗ್ರೇಬರ್ನರಿಗೆ ಬಂದಂಥ ಪರೀಕ್ಷೆ ಬರಬೇಕಾಗಿಲ್ಲ, ಬರುವುದೂ ಬೇಡ. ಬೆದರಿಕೆಗೆ ಒಳಗಾಗಿ ಸಹಿ ಹಾಕಿದ ನೋಟುಗಳನ್ನು ಅವರ ಬ್ಯಾಂಕು ಅವರು ಸತ್ತ ಮೂರು ವರ್ಷದೊಳಗೆ ತೀರಿಸಿತು. ಸ್ವಂತ ಇಚ್ಛೆಯಿಂದ ಒಪ್ಪಿಕೊಂಡ ಹೊಣೆಗೆ ಅವರು ತಮ್ಮ ಪ್ರಾಣವನ್ನೇ ತೆತ್ತು ಮುಂಚೆಯೇ ತೀರಿಸಿದ್ದರು.